ಮಗಳಿಗೆ ಬೆಂಗಳೂರಾಗ ಬಾಡಿಗಿ ಮನಿ ಹುಡುಕಿದ್ದು

ಹೋದ ಸಲ ಗುರೆಳ್ಳು ಚಟ್ನಿಪುಡಿ ಬಗ್ಗೆ ಬರ್ದಾಗ ಚಟ್ನಿ ಮಾತು ಬಿಟ್ಟು ಮೂರು ನಾಕು ಮಂದಿ ಒಂದೇ ಪ್ರಶ್ನೆ ಕೇಳಿದ್ರಿ, "ನಿನ್ನ ಮಗಳಿಗೆ ಬೆಂಗಳೂರಾಗ ಮನಿ ಹ್ಯಾಂಗ ಸಿಕ್ತು, ಬಾಡಿಗಿ ಎಷ್ಟು?" ಅಂತ. ನಮ್ಮ ಬಂಡ್ರಿಯಿಂದ, ಸಂಡೂರು, ಹೊಸಪೇಟಿ, ಕಂಪ್ಲಿ ಕಡಿಂದ ವರ್ಷಾ ವರ್ಷಾ ಹುಡುಗ್ರು ಹುಡುಗೇರು ಬೆಂಗಳೂರಿಗೆ ಹೊಂಟಾರ. ಕೆಲಸ ಸಿಗೋದು ಒಂದು ತ್ರಾಸು ಆದ್ರ, ಸಿಕ್ಕ ಪಗಾರದಾಗ ತಲಿ ಮ್ಯಾಲೆ ಒಂದು ಸೂರು ಹೊಂದಿಸೋದು ಇನ್ನೊಂದು ತ್ರಾಸು. ಅದಕ್ಕ ಈ ಸಲ ಅಡಿಗಿ ಬಿಟ್ಟು ಮನಿ ವಿಚಾರ ಬರಿಯಾಕತ್ತೀನಿ. ಉದ್ದ ಆಗ್ತೈತಿ, ಚಾ ಇಟ್ಕೊಂಡು ಓದ್ರಿ.

ನನ್ನ ಮಗಳು ನರ್ಸಿಂಗ್ ಮುಗಿಸಿ ಯಶವಂತಪುರ ಕಡೆ ಒಂದು ಖಾಸಗಿ ಆಸ್ಪತ್ರ್ಯಾಗ ಕೆಲಸಕ್ಕ ಸೇರಿದ್ಲು. ಪಗಾರ ಕೈಗೆ 24,000. ಮೊದಲ ವರ್ಷ ಪಿ.ಜಿ.ಯಾಗ ಇದ್ಲು. ಒಂದು ಕೋಣ್ಯಾಗ ಮೂರು ಮಂಚ, ಮೂರು ಮಂದಿ, ಒಂದು ಕಿಟಕಿ. ತಿಂಗಳಿಗೆ ಊಟ ಹಿಡಿದು 7,500. ಊಟ ಅಂದ್ರ ಮುಂಜಾನಿ ಅನ್ನ, ರಾತ್ರಿ ಅನ್ನ. ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗಬೇಕಂದ್ರ ಉಳಿದ ಇಬ್ಬರು ಲೈಟ್ ಹಾಕಿ, ಫೋನ್ ಹಚ್ಚಿ ಕುಂತಿರ್ತಿದ್ರು. ಅವ್ರ ತಪ್ಪಲ್ಲ, ಅವ್ರ ಹಗಲು ಅದು. 2024ರಾಗ ಪಾಲಿಕಿಯವ್ರು ಪಿ.ಜಿ.ಗಳಿಗೆ ನಿಯಮ ಮಾಡ್ಯಾರ. ಒಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ ಇರ್ಬೇಕು, ದಿನಕ್ಕ 135 ಲೀಟರ್ ನೀರು ಕೊಡ್ಬೇಕು, ಸಿಸಿ ಕ್ಯಾಮೆರಾ, ಕಾವಲುಗಾರ ಇರ್ಬೇಕು ಅಂತ. ನಿಮ್ಮ ಮಕ್ಕಳು ಪಿ.ಜಿ.ಗೆ ಸೇರೋದಿದ್ರ ಇಷ್ಟು ಕೇಳಿ ನೋಡ್ರಿ. 70 ಚದರ ಅಡಿ ಅಂದ್ರ ಏಳು ಅಡಿ ಹತ್ತು ಅಡಿ, ನಮ್ಮನಿ ದೇವರ ಕೋಣಿಯಷ್ಟು. ನನ್ನ ಮಗಳಿದ್ದಲ್ಲಿ ಅದರ ಅರ್ಧನೂ ಇದ್ದಿಲ್ಲ.

ವರ್ಷದೊಳಗ ಆಕಿ ಏಳು ಕಿಲೊ ಇಳಿದ್ಲು. ದೀಪಾವಳಿಗೆ ಬಂದಾಗ ನೋಡಿ ನಮ್ಮ ಯಜಮಾನ್ರು ಒಂದೇ ಮಾತು ಅಂದ್ರು: "ಬ್ಯಾರೆ ಮನಿ ಮಾಡ್ಲಿ. ಆದ್ರ ಬಾಡಿಗಿ, ಊಟ ಎಲ್ಲಾ ಕಳೆದು ಕೈಯಾಗ ಎಂಟು ಸಾವಿರನಾದ್ರೂ ಉಳಿಬೇಕು. ಉಳಿಲಿಲ್ಲ ಅಂದ್ರ ಆ ನೌಕರಿ ಯಾತಕ್ಕ? ಊರಿಗೆ ಬರ್ಲಿ, ಮದುವಿ ಮಾಡಿಬಿಡೋಣು." ಹಡಗಲಿ ಕಡಿಂದ ಒಂದು ಸಂಬಂಧ ಬ್ಯಾರೆ ಬಂದಿತ್ತು. ಮಗಳು ಏನೂ ಮಾತಾಡಲಿಲ್ಲ. ರಾತ್ರಿ ಪಾತ್ರಿ ತಿಕ್ಕೋವಾಗ ನನ್ನ ಹತ್ರ ಬಂದು, "ಅವ್ವಾ, ನನಗ ಇನ್ನೆರಡು ವರ್ಷ ಕೆಲಸ ಮಾಡ್ಬೇಕು. ಐ.ಸಿ.ಯು. ಕೆಲಸ ಈಗ ಕಲಿಯಾಕತ್ತೀನಿ" ಅಂದ್ಲು. ಅಂದ್ರ ಈ ಮನಿ ಹುಡುಕೋದು ಬರೇ ಮನಿ ವಿಚಾರ ಆಗಿರಲಿಲ್ಲ. ಎಂಟು ಸಾವಿರ ಉಳಿಯೋ ಮನಿ ಸಿಕ್ರ ಆಕಿ ನೌಕರಿ ಉಳಿತೈತಿ, ಇಲ್ಲಂದ್ರ ಇಲ್ಲ. ಅವತ್ತೇ ನಾನು ಮನಸಿನಾಗ ಲೆಕ್ಕ ಹಾಕಾಕ ಸುರು ಮಾಡಿದೆ.

ಸಂಕ್ರಾಂತಿ ಮುಗಿಸ್ಕೊಂಡು, 2025ರ ಜನವರಿಯಾಗ, ನಾವಿಬ್ಬರೂ ಬೆಂಗಳೂರಿಗೆ ಹೋದ್ವಿ. ಹೊಸಪೇಟಿಯಿಂದ ಹಂಪಿ ಎಕ್ಸ್‌ಪ್ರೆಸ್ ರೈಲೂ ಐತಿ, ಆದ್ರ ನಾನು ಬಸ್ಸೇ ಅಂದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದೈತಲ್ಲ, ಆಧಾರ್ ಕಾರ್ಡ್ ತೋರಿಸಿದ್ರ ನನಗ ಜೀರೋ ಟಿಕೆಟ್. ಯಜಮಾನ್ರು ರೊಕ್ಕ ಕೊಟ್ಟು ಟಿಕೆಟ್ ತಗೊಂಡು ದಾರಿ ಉದ್ದಕ್ಕೂ ಮುಖ ಸಣ್ಣದು ಮಾಡ್ಕೊಂಡೇ ಬಂದ್ರು. ಕೂಡ್ಲಿಗಿ, ಚಿತ್ರದುರ್ಗ, ತುಮಕೂರು ದಾಟಿ ಬಸ್ಸು ಬೆಂಗಳೂರಿನೊಳಗ ಹೋಗೋದು ತುಮಕೂರು ರಸ್ತೆ ಹಿಡಿದು. ನೆಲಮಂಗಲ ಆದ ಮ್ಯಾಲೆ ದಾಸರಹಳ್ಳಿ, ಜಾಲಹಳ್ಳಿ ಕ್ರಾಸ್, ಪೀಣ್ಯ, ಗೊರಗುಂಟೆಪಾಳ್ಯ, ಯಶವಂತಪುರ, ಆಮ್ಯಾಲೆ ಮೆಜೆಸ್ಟಿಕ್. ನಮ್ಮ ಕಡಿ ಮಂದಿ ಭಾಳ ಇರೋದೂ ಇದೇ ರಸ್ತೆದ ಎಡಕ ಬಲಕ, ಲಗ್ಗೆರೆ, ಹೆಗ್ಗನಹಳ್ಳಿ, ಸುಂಕದಕಟ್ಟೆ ಅಂತ. 1970ರ ದಶಕದಿಂದ ಪೀಣ್ಯದಾಗ ಕಾರ್ಖಾನಿ ಬೆಳೆದಂಗ ಕೆಲಸಕ್ಕ ಬಂದವ್ರು ಬಸ್ಸು ಇಳಿದ ಜಾಗದ ಸುತ್ತಮುತ್ತನೇ ನಿಂತ್ರು ಅಂತ ಕಾಣ್ತೈತಿ. ರಾತ್ರಿ ಹೊತ್ತಿನಾಗ ಊರಿಂದ ಬಂದಿಳಿದ್ರೂ ಹತ್ತು ನಿಮಿಷಕ್ಕ ಮನಿ ಸೇರೋದು ಸಣ್ಣ ಮಾತಲ್ಲ, ಇದನ್ನ ತಲಿಯಾಗ ಇಟ್ಕೊಳ್ರಿ.

ಮೊದಲನೇ ಮನಿ ಆಸ್ಪತ್ರಿ ಹಿಂದಿನ ಓಣ್ಯಾಗ. ಒಂದು ಹಾಲ್, ಒಂದು ಕೋಣಿ, ಅಡಿಗಿಮನಿ. ಬಾಡಿಗಿ 14,000. ಮಗಳು ನಡ್ಕೊಂಡು ಹೋಗಬಹುದು, ಭಾಳ ಚಲೋ ಅನಿಸ್ತು. ಮನಿ ಯಜಮಾನ್ರು "ಹತ್ತು ತಿಂಗ್ಳು ಅಡ್ವಾನ್ಸ್ ಅಮ್ಮ, ಬೆಂಗ್ಳೂರಲ್ಲಿ ಎಲ್ಲಾ ಕಡೆ ಅಷ್ಟೇ" ಅಂದ್ರು. ಅಂದ್ರ 1,40,000. ನಮ್ಮ ಊರಾಗ ಅಷ್ಟು ರೊಕ್ಕ ಕೈಗಡ ತಂದ್ರ ನೂರಕ್ಕ ಎರಡು ರೂಪಾಯಿ ಬಡ್ಡಿ. ತಿಂಗಳಿಗೆ 2,800 ಬಡ್ಡಿ ಆತು. ನೀರು, ಕಸ, ಮೆಟ್ಟಿಲ ಲೈಟು ಅಂತ ಇನ್ನೊಂದು 800. ಬಾಯಾಗ ಹೇಳೋ ಬಾಡಿಗಿ 14,000, ಬೀಳೋದು 17,600. ಉಳಿದ 6,400ರಾಗ ಊಟ ಮಾಡ್ಬೇಕು, ಬಟ್ಟಿ ಬರಿ ನೋಡ್ಬೇಕು.

ಇದನ್ನ ಎಲ್ಲರೂ ಒಂದು ಸಲ ಲೆಕ್ಕ ಹಾಕ್ರಿ ಅಂತ ನಾನು ಹೇಳೋದು. ಮುಂಗಡ ಹೊಳ್ಳಿ ಬರೋ ರೊಕ್ಕ ಅಂತ ನಾವು ಅದನ್ನ ಖರ್ಚು ಅಂತ ಹಿಡಿಯೋದೇ ಇಲ್ಲ. ಸಾಲ ತಂದು ಕೊಟ್ರ ಪ್ರತಿ ತಿಂಗಳೂ ಅದರ ಬಡ್ಡಿ ಬಾಡಿಗಿ ಜೋಡಿ ಕುಂತಿರ್ತೈತಿ. ಬಂಗಾರ ಬ್ಯಾಂಕಿನಾಗ ಇಟ್ರ ಬಡ್ಡಿ ಕಡಿಮಿ ಬೀಳ್ತೈತಿ, ಆದ್ರೂ ಬಡ್ಡಿ ಬಡ್ಡಿನೇ.

ಎರಡನೇ ಮನಿ ಚಿಕ್ಕಬಾಣಾವರದ ಆಚೆ. ಬಾಡಿಗಿ 7,500. ನಮ್ಮ ಯಜಮಾನ್ರ ಮುಖ ಅರಳಿತು. ನಾನು ಅಡಿಗಿಮನಿ ನಳ ತಿರುವಿ ನೋಡಿದೆ, ನೀರು ಬಂತು. ಕೆಳಗಿನ ಮನಿ ಹೆಣ್ಣುಮಗಳನ್ನ ಕೇಳಿದೆ, "ಬ್ಯಾಸಿಗ್ಯಾಗ ಹ್ಯಾಂಗವ್ವ?" ಅಂತ. ಆಕಿ ನಕ್ಕು, "ಟ್ಯಾಂಕರ್ ಆಂಟಿ, ದುಡ್ಡು ಎಲ್ಲಾ ಮನೆಯವರು ಹಂಚ್ಕೊತೀವಿ" ಅಂದ್ಲು. 2024ರ ಬ್ಯಾಸಿಗಿ ನೆನಪೈತಲ್ಲ, ಬೆಂಗಳೂರಾಗ 13,900 ಸರ್ಕಾರಿ ಬೋರ್‌ವೆಲ್‌ನಾಗ 6,900 ಬತ್ತಿದಾವು ಅಂತ ಸರ್ಕಾರನೇ ಹೇಳಿತ್ತು. ಅವಾಗ ಜಿಲ್ಲಾಡಳಿತ ಟ್ಯಾಂಕರ್‌ಗೆ ದರ ಕಟ್ತು, ಐದು ಕಿಲೋಮೀಟರ್ ಒಳಗ 12,000 ಲೀಟರ್‌ಗೆ 1,000 ರೂಪಾಯಿ ಅಂತ. ದರ ಕಟ್ಟೋ ಹೊತ್ತು ಬಂತಂದ್ರ ಅದಕ್ಕೂ ಮೊದಲು ಮಂದಿ ಎಷ್ಟು ಕೊಟ್ಟಿರಬಹುದು ನೀವೇ ಲೆಕ್ಕ ಹಾಕ್ರಿ. 2007ರಾಗ ಊರಿಗೆ ಸೇರಿಸಿದ 110 ಹಳ್ಳಿಗೆ ಕಾವೇರಿ ನೀರು ಕೊಡೋ ಐದನೇ ಹಂತ 2024ರ ಅಕ್ಟೋಬರ್‌ನಾಗ ಸುರು ಆಗೈತಿ. ಆದ್ರ ಊರಿಗೆ ನೀರು ಬರೋದು ಬ್ಯಾರೆ, ನೀವು ನೋಡೋ ಮನಿಗೆ ಕನೆಕ್ಷನ್ ಇರೋದು ಬ್ಯಾರೆ. ಮನಿ ಯಜಮಾನರನ್ನ ಕೇಳೋ ಜೋಡಿ ಬಾಡಿಗಿಗೆ ಇರೋ ಹೆಂಗಸರನ್ನೂ ಕೇಳ್ರಿ. ಕೊಡ ಹೊತ್ತವ್ರಿಗೆ ನೀರಿನ ಖರೇ ಗೊತ್ತಿರ್ತೈತಿ.

ಆ ಮನಿಗೂ ಒಂದು ಲೆಕ್ಕ ಹಾಕಿದ್ವಿ. ಬಾಡಿಗಿ 7,500, ಟ್ಯಾಂಕರ್ ಪಾಲು 600. ಮಗಳಿಗೆ ತಿಂಗಳಿಗೆ ಹತ್ತು ದಿನ ಸಂಜಿ ಪಾಳಿ, ಬಿಡೋದು ರಾತ್ರಿ ಒಂಬತ್ತೂವರಿ. ಆ ಹೊತ್ತಿಗೆ ಆ ಕಡೆ ಬಸ್ಸು ನಂಬಂಗಿಲ್ಲ, ಆಟೊ 250. ಹತ್ತು ದಿನಕ್ಕ 2,500. ಮುಂಗಡ 75,000ದ ಬಡ್ಡಿ 1,500. ಎಲ್ಲಾ ಕೂಡಿಸಿದ್ರ 12,100. ರೊಕ್ಕದ ಮಾತು ಅತ್ತಾಗಿರಲಿ, ಸಂಜಿ ಏಳಕ್ಕ ಆ ಓಣ್ಯಾಗ ನಾವು ನಿಂತು ನೋಡಿದ್ವಿ. ಮುಖ್ಯರಸ್ತೆಯಿಂದ ಮನಿ ತನಕ ಮೂರೇ ಬೀದಿ ದೀಪ, ಅದ್ರಾಗ ಎರಡು ಹತ್ತಿರಲಿಲ್ಲ. ಯಜಮಾನ್ರು ತಾವೇ "ಬ್ಯಾಡ ನಡಿ" ಅಂದ್ರು. ಮನಿ ಹಗಲಾಗ ಒಂದು ಸಲ, ಕತ್ತಲಾದ ಮ್ಯಾಲೆ ಒಂದು ಸಲ ನೋಡ್ಬೇಕು. ಹೆಣ್ಣುಮಕ್ಕಳು ಇರೋ ಮನಿ ಆದ್ರಂತೂ ಕತ್ತಲಾಗ ನೋಡೋದೇ ಮುಖ್ಯ.

ನಡುವ ಇನ್ನೊಂದು ಮನಿ ನೋಡಿದ್ವಿ, ಹೇಳ್ದಿದ್ರ ಮನಸು ತಡಿಯಂಗಿಲ್ಲ. ಮನಿ ಒಡತಿ ಬಾಗಲಾಗೇ ನಿಂತು ಮೊದಲು "ನಿಮ್ಮದು ಹುಬ್ಬಳ್ಳಿನಾ?" ಅಂತ ಕೇಳಿದ್ರು. ಬೆಂಗಳೂರಿನವ್ರಿಗೆ ತುಮಕೂರು ದಾಟಿದ್ರ ಎಲ್ಲಾ ಹುಬ್ಬಳ್ಳಿನೇ. ಸಂಡೂರು ಅಂದ್ವಿ. ಆಮ್ಯಾಲೆ "ನೀವು ಯಾವ ಜನ?" ಅಂದ್ರು. ನಾನು ಅರ್ಥ ಆಗದಂಗ, "ಒಳ್ಳೆ ಜನ ರೀ, ಐದನೇ ತಾರೀಖಿಗೆ ಬಾಡಿಗಿ ಕೊಡೋ ಜನ" ಅಂದೆ. ಅವ್ರು ನಗಲಿಲ್ಲ. "ಅಲ್ಲ, ನಾನ್‌ವೆಜ್ ಮಾಡ್ತೀರಾ ಅಂತ" ಅಂತ ಸುತ್ತು ಹಾಕಿದ್ರು. ಮನಿ ಒಳಗ ಕಾಲಿಡೋದ್ರೊಳಗ ನಮ್ಮ ಮನಿ ಗಡಿಗಿ ಒಳಗ ಅವ್ರ ಕಣ್ಣು ಇತ್ತು. ಮಗಳು "ನಡಿ ಅವ್ವಾ" ಅಂತ ನನ್ನ ಸೆರಗು ಜಗ್ಗಿದ್ಲು. ಮೆಟ್ಟಿಲು ಇಳಿಯೋವಾಗ "ಆಸ್ಪತ್ರ್ಯಾಗ ಇವ್ರಿಗೆ ರಕ್ತ ಹಚ್ಚೋವಾಗ ಯಾರೂ ಇದನ್ನ ಕೇಳಂಗಿಲ್ಲ" ಅಂದ್ಲು. ನನಗ ಆ ಮಾತು ಇವತ್ತಿಗೂ ಮರ್ತಿಲ್ಲ.

ಮೂರು ದಿನ ತಿರುಗಿ ಕಾಲು ಊದಿದ್ವು. ಮೊಬೈಲ್‌ನಾಗ ಮನಿ ತೋರಿಸೋ ಆ್ಯಪ್ ಮಗಳು ನೋಡ್ತಿದ್ಲು, ಅದ್ರಾಗ ಒಂದು ಏರಿಯಾದ ದರ ಏನು ನಡದೈತಿ ಅಂತ ತಿಳಿಯಾಕ ಉಪಯೋಗ ಆತು. ಬ್ರೋಕರ್ ಮುಖಾಂತರ ಆದ್ರ ಒಂದು ತಿಂಗಳ ಬಾಡಿಗಿ ಅವ್ರಿಗೆ. ಕಡೀಗೆ ಮನಿ ಸಿಕ್ಕಿದ್ದು ಜೋಳದ ರೊಟ್ಟಿಯಿಂದ. ದಾಸರಹಳ್ಳಿ ಹತ್ರ ಒಂದು ಖಾನಾವಳಿಗೆ ಊಟಕ್ಕ ಹೋಗಿದ್ವಿ. ನಡಸೋ ಅಕ್ಕ ಹಗರಿಬೊಮ್ಮನಹಳ್ಳಿ ಕಡಿಯಾಕಿ. ನಮ್ಮ ಮಾತು ಕೇಳಿ ತಾನೇ ಬಂದು "ಯಾವೂರವ್ವ?" ಅಂದ್ಲು. ಮನಿ ಹುಡುಕಾಕತ್ತೀವಿ ಅಂದೆ. ಆಕಿಗೆ ಯಾವ ಮನಿ ಖಾಲಿ ಆಗ್ತೈತಿ, ಯಾವ ಮನಿಯವ್ರು ಮುಂಗಡ ಕೊಡಾಕ ಸತಾಯಿಸ್ತಾರ, ಯಾವ ಮನಿಗೆ ಕಾವೇರಿ ನೀರು ಬರ್ತೈತಿ, ಎಲ್ಲಾ ಬಾಯಿಪಾಠ. ಹಾಲಿನ ಬೂತಿನವ್ರು, ಕಿರಾಣಿ ಅಂಗಡಿಯವ್ರು, ಇಸ್ತ್ರಿ ಮಾಡೋವ್ರು, ಖಾನಾವಳಿಯವ್ರು, ಇವ್ರನ್ನ ಕೇಳ್ರಿ. ಬೋರ್ಡ್ ಹಾಕೋಕಿಂತ ಹದಿನೈದು ದಿನ ಮೊದಲೇ ಇವ್ರಿಗೆ ಸುದ್ದಿ ಗೊತ್ತಿರ್ತೈತಿ.

ಆಕಿ ತೋರಿಸಿದ ಮನಿ ಎರಡನೇ ಮಹಡಿ, ಒಂದು ಕೋಣಿ, ಒಂದು ಹಾಲ್, ಗಾಳಿ ಬೆಳಕು ಐತಿ, ಬಟ್ಟಿ ಒಣಗಿಸಾಕ ಮ್ಯಾಲೆ ಮಾಳಗಿ. ದಾಸರಹಳ್ಳಿ ಮೆಟ್ರೊ ನಿಲ್ದಾಣಕ್ಕ ಹತ್ತು ನಿಮಿಷದ ನಡಗಿ. ಅಲ್ಲಿಂದ ಹಸಿರು ಮಾರ್ಗದಾಗ ಜಾಲಹಳ್ಳಿ, ಪೀಣ್ಯ ಇಂಡಸ್ಟ್ರಿ, ಪೀಣ್ಯ, ಗೊರಗುಂಟೆಪಾಳ್ಯ ಆದ್ರ ಯಶವಂತಪುರ. ದಾರಿಯುದ್ದಕ್ಕ ಅಂಗಡಿ, ರಾತ್ರಿ ಹತ್ತರ ತನಕ ಬೆಳಕು. ಬಾಡಿಗಿ 12,000. ಒಬ್ಬಾಕಿಗೆ ಭಾರ, ಅದಕ್ಕ ಮಗಳು ತನ್ನ ಜೋಡಿ ಕೆಲಸ ಮಾಡೋ ಕೊಪ್ಪಳ ಕಡಿ ಹುಡುಗೀನ್ನ ಕೇಳಿದ್ಲು. ಇಬ್ಬರೂ ನರ್ಸು, ಒಬ್ಬರಿಗೊಬ್ಬರ ಪಾಳಿ ತಿಳಿತೈತಿ, ಒಬ್ಬರು ಮಲಗಿದ್ರ ಇನ್ನೊಬ್ಬರು ಬಾಗಿಲು ಸದ್ದಿಲ್ಲದಂಗ ಹಾಕ್ತಾರ.

ಮನಿ ಯಜಮಾನ್ರು ವಯಸ್ಸಾದವ್ರು, ಗಂಡ ಹೆಂಡತಿ ಕೆಳಗ ಇರ್ತಾರ. ಅವ್ರೂ ಹತ್ತು ತಿಂಗಳ ಮುಂಗಡನೇ ಕೇಳಿದ್ರು, 1,20,000. ನಾನು ಹೇಳಿದೆ: "ಅಣ್ಣಾರ, ಕೇಂದ್ರ ಸರ್ಕಾರ 2021ರಾಗ ಮಾದರಿ ಬಾಡಿಗೆ ಕಾಯ್ದೆ ಅಂತ ಮಾಡಿ, ವಾಸದ ಮನಿಗೆ ಎರಡು ತಿಂಗಳ ಬಾಡಿಗಿಗಿಂತ ಹೆಚ್ಚು ಮುಂಗಡ ಬ್ಯಾಡ ಅಂತ ಬರ್ದೈತಿ. ಅದು ಮಾದರಿ ಅಷ್ಟೇ, ರಾಜ್ಯ ತನ್ನ ಕಾಯ್ದಿ ಮಾಡ್ಕೊಂಡ್ರ ನಡಿಯೋದು, ಗೊತ್ತೈತಿ. ಎರಡು ತಿಂಗಳಿಗೆ ಕೊಡ್ರಿ ಅನ್ನಂಗಿಲ್ಲ. ಆದ್ರ ಹತ್ತಕ್ಕ ನಮ್ಮ ಕೈ ನಿಲುಕಂಗಿಲ್ಲ." ಪಿ.ಯು.ಸಿ. ಓದಿದ ಹಳ್ಳಿ ಹೆಂಗಸು ಕಾಯ್ದಿ ಮಾತಾಡಿದ್ದು ಅವ್ರಿಗೆ ಸೋಜಿಗ ಆಗಿರಬೇಕು. ಅವ್ರ ಮನಿಯವ್ರು ಒಳಗಿಂದ, "ಹೋಗ್ಲಿ ಬಿಡಿ, ನರ್ಸ್ ಮಕ್ಳು, ನಮ್ಗೂ ರಾತ್ರಿ ಹೊತ್ತಲ್ಲಿ ಬಿ.ಪಿ. ನೋಡೋಕೆ ಆಗುತ್ತೆ" ಅಂದ್ರು. ಐದು ತಿಂಗಳಿಗೆ ಇಳಿತು. 60,000. ಇಬ್ಬರಿಗೆ ಹಂಚಿದ್ರ ತಲಾ 30,000. ಚೌಕಾಶಿ ಮಾಡಾಕ ಸಂಕೋಚ ಬ್ಯಾಡ ರೀ. ಬದನಿಕಾಯಿಗೆ ಐದು ರೂಪಾಯಿ ಬಿಡದಂಥ ನಾವು ಅರವತ್ತು ಸಾವಿರಕ್ಕ ಬಾಯಿ ಮುಚ್ಕೊಂಡು ಇರೋದು ಯಾವ ನ್ಯಾಯ?

ಆ 30,000 ಎಲ್ಲಿಂದ ಅಂದ್ರ ನನ್ನ ಗೃಹಲಕ್ಷ್ಮಿ ರೊಕ್ಕ. 2023ರ ಆಗಸ್ಟ್‌ನಾಗ ಸುರು ಆದಾಗಿಂದ ತಿಂಗಳಿಗೆ 2,000. ಕಂತು ಎಲ್ಲಾ ತಿಂಗಳೂ ಒಂದೇ ಸಮ ಬರಲಿಲ್ಲ, ಆದ್ರ ಬಂದದ್ದನ್ನ ನಾನು ಮುಟ್ಟಿರಲಿಲ್ಲ. ಮನಿ ಖರ್ಚು ಎಮ್ಮಿ ಹಾಲಿನ ರೊಕ್ಕದಾಗ ತೂಗಿಸ್ತಿದ್ದೆ. ಹದಿನೈದು ಕಂತು ಕೂಡಿದ್ರ 30,000. ಪಾಸ್‌ಬುಕ್ ತಗದು ತೋರಿಸಿದಾಗ ನಮ್ಮ ಯಜಮಾನ್ರು ಎರಡು ಸಲ ಓದಿ ನೋಡಿದ್ರು. ಬಡ್ಡಿ ಇಲ್ಲದ ರೊಕ್ಕ. ಅದಕ್ಕ ಲೆಕ್ಕ ಇಷ್ಟಾತು: ಬಾಡಿಗಿ ನೀರು ಹಿಡಿದು ಮಗಳ ಪಾಲು 6,200. ಸಂಜಿ ಪಾಳಿ ದಿನ ಮೆಟ್ರೊ, ಅದಕ್ಕ ತಿಂಗಳಿಗೆ 600. ಹಗಲು ಪಾಳಿಗೆ ಬಿ.ಎಂ.ಟಿ.ಸಿ. ಬಸ್ಸು, ಪುಕ್ಕಟ. ಊಟ ಗ್ಯಾಸ್ 5,000, ಫೋನು ಇತ್ಯಾದಿ 2,000. ಎಲ್ಲಾ ಕಳೆದು 10,200 ಉಳಿತು. ಎಂಟು ಸಾವಿರದ ಮಾತು ನಮ್ಮನ್ಯಾಗ ಮತ್ತ ಬರಲಿಲ್ಲ.

ಕಾಗದ ಬರ್ಸೋವಾಗ ಇನ್ನೊಂದು ಮಾತು ಬಂತು. ಮನಿ ಯಜಮಾನ್ರು "ತಂದೆ ಹೆಸರಲ್ಲೇ ಮಾಡೋಣ, ಹೆಣ್ಮಕ್ಳ ಹೆಸರು ಯಾಕೆ" ಅಂದ್ರು. ನಮ್ಮ ಯಜಮಾನ್ರು ಆಗಲಿ ಅನ್ನೋವ್ರೇ ಇದ್ರು. ನಾನು ನಡುವ ಬಾಯಿ ಹಾಕಿದೆ. "ಮುಂಗಡ ನಾನು ಕೊಡಾಕತ್ತೀನಿ, ಬಾಡಿಗಿ ಆಕಿ ದುಡಿದು ಕೊಡ್ತಾಳ, ಇರೋವಾಕಿನೂ ಆಕಿ. ಕಾಗದದ ಮ್ಯಾಲೆ ಆಕಿ ಹೆಸರೇ ಇರ್ಲಿ." ನಾಕು ನಿಮಿಷ ಯಾರೂ ಮಾತಾಡಲಿಲ್ಲ. ಆಮ್ಯಾಲೆ ನಮ್ಮ ಯಜಮಾನ್ರು "ಹಂಗೇ ಮಾಡ್ರಿ" ಅಂದ್ರು. ಇಬ್ಬರು ಹುಡುಗೇರ ಹೆಸರಿನಾಗ ಕರಾರು ಆತು, ಸಾಕ್ಷಿ ಜಾಗದಾಗ ನಮ್ಮ ಯಜಮಾನ್ರ ಸಹಿ. ನಾನು ಮದುವಿ ಆಗಿ ಬಂಡ್ರಿಗೆ ಬಂದು ಮೂವತ್ತು ವರ್ಷ ಆತು ರೀ. ನಮ್ಮ ಮನಿ ಪಟ್ಟಾ ಮೊದಲು ಮಾವನವ್ರ ಹೆಸರಿನಾಗ ಇತ್ತು, ಈಗ ಯಜಮಾನ್ರ ಹೆಸರಿನಾಗ ಐತಿ. ನನ್ನ ಹೆಸರು ಬರ್ದ ಮನಿ ಕಾಗದ ಒಂದೂ ನಾನು ನೋಡಿಲ್ಲ. ಮಗಳ ಹೆಸರು ಬಾಡಿಗಿ ಕಾಗದದ ಮ್ಯಾಲಾದ್ರೂ ಬಂತಲ್ಲ ಅಂತ ನನಗ ಹೇಳಲಾರದಷ್ಟು ಸಮಾಧಾನ ಆತು.

ಈ ಕರಾರು ಹನ್ನೊಂದು ತಿಂಗಳದ್ದು ಯಾಕ ಮಾಡ್ತಾರ ಅಂತ ಭಾಳ ಮಂದಿಗೆ ಗೊತ್ತಿರಂಗಿಲ್ಲ. 1908ರ ನೋಂದಣಿ ಕಾಯ್ದಿ ಪ್ರಕಾರ ಒಂದು ವರ್ಷ ದಾಟೋ ಕರಾರು ಸಬ್ ರಿಜಿಸ್ಟ್ರಾರ್ ಕಚೇರಿಯಾಗ ನೋಂದಣಿ ಆಗ್ಬೇಕು. ಅದು ಬ್ಯಾಡಂತ ಹನ್ನೊಂದಕ್ಕ ನಿಲ್ಲಿಸ್ತಾರ. ಬಾಡಿಗಿದಾರರಿಗೆ ಅಂತ 1999ರ ಕರ್ನಾಟಕ ಬಾಡಿಗೆ ಕಾಯ್ದಿ ಐತಿ, ಆದ್ರ ಬೆಂಗಳೂರಿನಂಥ ದೊಡ್ಡ ಊರಾಗ ತಿಂಗಳ ಬಾಡಿಗಿ 3,500 ದಾಟಿದ ಮನಿಗೆ ಅದು ಹತ್ತಂಗಿಲ್ಲ. ಇವತ್ತು ಅಲ್ಲಿ 3,500ಕ್ಕ ಮನಿ ಎಲ್ಲಿ ಐತಿ? ಹಂಗಾಗಿ ನೀವು ಸಹಿ ಮಾಡೋ ಕಾಗದದಾಗ ಏನೈತೋ ಅದೇ ನಿಮಗ ಆಸರ. ನಾವು ಇಷ್ಟು ಬರ್ಸಿದ್ವಿ: ಬಿಡೋದಾದ್ರ ಎರಡೂ ಕಡಿಯವ್ರು ಒಂದು ತಿಂಗಳ ಮೊದಲು ಹೇಳ್ಬೇಕು. ಮನಿ ಬಿಟ್ಟ ದಿನವೇ ಮುಂಗಡ ಕೊಡ್ಬೇಕು. ನಳ, ವೈರಿಂಗ್ ಕೆಟ್ರ ಮನಿ ಯಜಮಾನ್ರದ್ದು. ಬಣ್ಣದ ಖರ್ಚು ಅಂತ ಬೆಂಗಳೂರಾಗ ಒಂದು ತಿಂಗಳ ಬಾಡಿಗಿ ಹಿಡಿಯೋದು ರೂಢಿ, ಅದನ್ನ ವರ್ಷದೊಳಗ ಬಿಟ್ರ ಅರ್ಧ ಅಂತ ಬರ್ಸಿದ್ವಿ. ಮುಂಗಡ ಬ್ಯಾಂಕ್ ಮುಖಾಂತರನೇ ಹಾಕಿದ್ವಿ, ಕೈಯಾಗ ಕೊಡಲಿಲ್ಲ. ಒಳಗ ಹೋಗೋ ದಿನ ಮಗಳು ಗ್ವಾಡಿ, ನೆಲ, ಬಾತ್‌ರೂಮು ಎಲ್ಲಾ ಮೊಬೈಲ್‌ನಾಗ ವಿಡಿಯೊ ಮಾಡಿ ಮನಿ ಯಜಮಾನ್ರಿಗೂ ಕಳಿಸಿದ್ಲು. ನಾಳಿ ಈ ಕಲೆ ನೀವೇ ಮಾಡಿದ್ದು ಅನ್ನೋ ಮಾತು ಬರಬಾರದು.

ಕರೆಂಟಿನ ಮಾತೂ ಕೇಳ್ರಿ. ಗೃಹಜ್ಯೋತಿ ಬಾಡಿಗಿದಾರರಿಗೂ ಐತಿ, 200 ಯೂನಿಟ್ ಒಳಗ. ಆದ್ರ ನಿಮ್ಮ ಮನಿಗೆ ಬ್ಯಾರೆ ಮೀಟರ್, ಬ್ಯಾರೆ ಆರ್.ಆರ್. ನಂಬರ್ ಇರ್ಬೇಕು. ಕೆಲವು ಕಡೆ ಒಂದೇ ಮೀಟರ್ ಮ್ಯಾಲೆ ನಾಕು ಮನಿ ನಡಸಿ ಯೂನಿಟ್‌ಗೆ ಇಷ್ಟು ಅಂತ ಯಜಮಾನರೇ ವಸೂಲಿ ಮಾಡ್ತಾರ. ಅಲ್ಲಿ ನಿಮಗ ಯೋಜನೆ ಸಿಗಂಗಿಲ್ಲ. ಮೀಟರ್ ಬೋರ್ಡ್ ಎದುರು ನಿಂತು "ನಮ್ಮದು ಯಾವುದು?" ಅಂತ ಕೇಳಿಬಿಡ್ರಿ.

ಈಗ ಭೋಗ್ಯದ ಮಾತು. ನಮ್ಮ ಕಡೆ ಹೊಲ ಭೋಗ್ಯಕ್ಕ ಹಾಕ್ತಾರಲ್ಲ, ಬೆಂಗಳೂರಾಗ ಮನಿನೂ ಹಾಕ್ತಾರ, ಲೀಸ್ ಅಂತಾರ. ಎಂಟು ಹತ್ತು ಲಕ್ಷ ಒಮ್ಮೆಲೇ ಕೊಟ್ರ ಎರಡು ಮೂರು ವರ್ಷ ಬಾಡಿಗಿ ಇಲ್ಲ, ಬಿಡೋವಾಗ ರೊಕ್ಕ ಹೊಳ್ಳಿ ಕೊಡ್ತಾರ. ಕೇಳಾಕ ಭಾಳ ಚಲೋ. ನಮ್ಮ ಸಂಬಂಧಿಕರ ಪೈಕಿ ಒಬ್ಬ ಹುಡುಗ ಹೊಲ ಮಾರಿದ ರೊಕ್ಕದಾಗ ಒಂಬತ್ತು ಲಕ್ಷ ಕೊಟ್ಟು ಹಿಂಗ ಮನಿ ಹಿಡಿದಿದ್ದ. ಎರಡನೇ ವರ್ಷ ಬ್ಯಾಂಕಿನವ್ರು ಬಂದು ಬಾಗಲಿಗೆ ನೋಟಿಸ್ ಅಂಟಿಸಿದ್ರು. ಮನಿ ಮ್ಯಾಲೆ ಮೊದಲೇ ಸಾಲ ಇತ್ತು, ಮಾಲಕ ಕಟ್ಟಿರಲಿಲ್ಲ. ಹುಡುಗನ ಹತ್ರ ಇದ್ದದ್ದು ನೋಂದಣಿ ಆಗದ ಒಂದು ಸ್ಟ್ಯಾಂಪ್ ಪೇಪರ್. ರೊಕ್ಕ ಇನ್ನೂ ಬಂದಿಲ್ಲ, ಅವ್ರ ಅವ್ವನ ಮುಖ ನೋಡಾಕ ಆಗಂಗಿಲ್ಲ. ಭೋಗ್ಯಕ್ಕ ಹೋಗೋದೇ ಆದ್ರ ಕಾವೇರಿ ಅನ್ನೋ ಸರ್ಕಾರಿ ವೆಬ್‌ಸೈಟ್‌ನಾಗ ಆ ಮನಿ ಋಣಭಾರ ಪ್ರಮಾಣಪತ್ರ, ಅದೇ ಇ.ಸಿ., ತಗಸಿ ನೋಡ್ರಿ. ಖಾತಾ ಯಾರ ಹೆಸರಿನಾಗ ಐತಿ ನೋಡ್ರಿ. ಕರಾರು ನೋಂದಣಿ ಮಾಡ್ಸ್ರಿ. ಮಾಲಕ ನೋಂದಣಿ ಬ್ಯಾಡ ಅಂದ್ರ ಆ ಮನಿನೂ ಬ್ಯಾಡ ಅನ್ರಿ.

ಹೊಸ ಮನಿಯಾಗ ಒಂದು ಸಣ್ಣ ತಕರಾರು ಬಂತು, ಅದೂ ರೊಟ್ಟಿಯಿಂದನೇ. ನಾನು ಮೊದಲ ದಿನ ಬೆಳಿಗ್ಗೆ ಆರಕ್ಕ ರೊಟ್ಟಿ ಬಡಿಯಾಕ ಕುಂತೆ. ಕೆಳಗಿನ ಅಮ್ಮ ಓಡಿ ಬಂದ್ರು, "ಏನಮ್ಮ ಸದ್ದು, ಗೋಡೆ ಒಡಿತಿದೀರಾ?" ಅಂತ. ಬಿಸಿ ರೊಟ್ಟಿ ಮ್ಯಾಲೆ ಬೆಣ್ಣಿ, ಶೇಂಗಾ ಚಟ್ನಿ ಇಟ್ಟು ಕೊಟ್ಟೆ. ಈಗ ಅವ್ರೇ ಹುಡುಗೇರಿಗೆ "ಭಾನುವಾರ ರೊಟ್ಟಿ ಮಾಡಲ್ವಾ?" ಅಂತ ಕೇಳ್ತಾರಂತ. ಪಲಕದ ಕೆಳಗ ಒಂದು ದಪ್ಪ ಗೋಣಿತಾಟು ಹಾಸಿದ್ರ ಸಪ್ಪಳ ಅರ್ಧ ಇಳಿತೈತಿ, ಮಹಡಿ ಮನಿಯವ್ರು ನೆನಪಿಡ್ರಿ.

ಎಲ್ಲಾ ಹಾಕಿದ ಲೆಕ್ಕದಂಗೇ ನಡಿತು ಅಂತಲ್ಲ. ಹೋದ ತಿಂಗಳೊಳಗೇ, 2025ರ ಫೆಬ್ರವರಿಯಾಗ, ಮೆಟ್ರೊ ದರ ಏರಿತು. ಮಗಳು ಹಗಲು ಹೊತ್ತು ಪೂರ್ತಿ ಬಸ್ಸಿಗೆ ಬಿದ್ಲು, ಮೆಟ್ರೊ ರಾತ್ರಿಗೆ ಮಾತ್ರ. ಹನ್ನೊಂದು ತಿಂಗಳು ತುಂಬಿದಾಗ ಬಾಡಿಗಿ 1,000 ಏರಿಸ್ತೀವಿ ಅಂದ್ರು, ಮಗಳು ತಾನೇ ಮಾತಾಡಿ 600ಕ್ಕ ಒಪ್ಪಿಸಿದ್ಲು. ನಾನು ಫೋನ್‌ನಾಗ ಕೇಳಿಸ್ಕೋತ ಕುಂತಿದ್ದೆ, ನಡುವ ಬಾಯಿ ಹಾಕಲಿಲ್ಲ. ಹಾಕೋ ಜರೂರೇ ಬೀಳಲಿಲ್ಲ. ಹಡಗಲಿ ಸಂಬಂಧದವ್ರು ಬ್ಯಾರೆ ಕಡೆ ಹುಡುಗಿ ನೋಡ್ಕೊಂಡ್ರು, ಅದಕ್ಕೂ ನಮ್ಮನ್ಯಾಗ ಯಾರೂ ಬ್ಯಾಸರ ಮಾಡ್ಕೊಳ್ಳಲಿಲ್ಲ. ಆಕಿ ಈಗ ಐ.ಸಿ.ಯು.ನಾಗ ಅದಾಳ.

ಇದರ ಜೋಡಿ ನಮಗ ನಾವೇ ಕೇಳ್ಕೋಬೇಕಾದ ಮಾತೊಂದು ಐತಿ. ಬೆಂಗಳೂರಾಗ ನಾವು ಬಾಡಿಗಿದಾರರು, ಆದ್ರ ನಮ್ಮ ಕಡೆ ನಾವೇ ಯಜಮಾನ್ರು. ನಮ್ಮ ತಾಲೂಕಿನ ತೋರಣಗಲ್ಲಿನ ಉಕ್ಕಿನ ಕಾರ್ಖಾನಿಗೆ ಎಲ್ಲೆಲ್ಲಿಂದಲೋ ಮಂದಿ ಬಂದಾರ, ಹೊಸಪೇಟಿಯಾಗೂ ಕೋಣಿ ಕೇಳ್ಕೊಂಡು ಬರ್ತಾರ. ಅವ್ರಿಗೂ ಒಬ್ಬ ಅವ್ವ ಎಲ್ಲೋ ಕುಂತು ಹಿಂಗೇ ಲೆಕ್ಕ ಹಾಕ್ತಿರ್ತಾಳ. ನನ್ನ ನಾದಿನಿ ಹೊಸಪೇಟಿಯಾಗ ಕೆಳಗಿನ ಮನಿ ಬಾಡಿಗಿಗೆ ಕೊಡಾಕ ಹೊಂಟಾಗ ನಾನು ಎರಡೇ ಮಾತು ಹೇಳಿದೆ: "ಮುಂಗಡ ಮೂರು ತಿಂಗಳದ್ದು ಸಾಕು. ಯಾವ ಜನ ಅಂತ ಕೇಳ್ಬ್ಯಾಡ, ಎಲ್ಲಿ ಕೆಲಸ ಅಂತ ಕೇಳು." ಒಡಿಶಾದ ಗಂಡ ಹೆಂಡತಿ ಬಂದಾರ, ಒಂದು ಕೂಸು ಐತಿ. ಬಾಡಿಗಿ ಐದನೇ ತಾರೀಖಿಗೆ ಬರ್ತೈತಿ.

ನಿಮ್ಮ ಮನಿ ಮಕ್ಕಳು ಯಾರಾದ್ರೂ ಬೆಂಗಳೂರಿಗೆ ಹೊಂಟಿದ್ರ ಹೋಗೋ ಮುಂಚೆ ನಮ್ಮನಿ ಕಡೆ ಬಂದು ಹೋಗ್ರಿ. ಆ ಕರಾರಿನ ನಕಲು ಪ್ರತಿ ಐತಿ, ಅದನ್ನ ನೋಡಿ ನಿಮ್ಮದು ಬರ್ಸಬಹುದು. ಖಾನಾವಳಿ ಅಕ್ಕನ ಫೋನ್ ನಂಬರೂ ಬರ್ಕೊಡ್ತೀನಿ. ಮನಿ ಇಲ್ಲದಿದ್ರೂ ಬಿಸಿ ರೊಟ್ಟಿ ಅಂತೂ ಸಿಗ್ತೈತಿ.